ಯುದ್ಧವಿಮಾನಕ್ಕೂ ಬೇಕು ಹಾಜರಿ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

2025ರ ಮೇ ತಿಂಗಳಿಂದ ಈಚೆಗೆ ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ಟಿನಷ್ಟೇ ಯುದ್ಧವಿಮಾನದ ಮಾತೂ ಕೇಳಿಬರುತ್ತಿದೆ. ಮೊಬೈಲಿನಲ್ಲಿ ಎರಡು ವಿಮಾನಗಳ ಚಿತ್ರ ಅಕ್ಕಪಕ್ಕ ಬರುತ್ತದೆ. ಕೆಳಗೆ ವೇಗ, ಏರುವ ಎತ್ತರ, ಹೊರುವ ತೂಕ, ಕ್ಷಿಪಣಿ ಹೋಗುವ ದೂರ. ಯಾವುದರ ಅಂಕಿ ದೊಡ್ಡದೋ ಅದಕ್ಕೆ ಹಸಿರು ಗುರುತು. ಕೊನೆಯಲ್ಲಿ ಒಂದರ ತಲೆಗೆ ಕಿರೀಟ. ನೋಡಿದವರು ಎರಡು ಪಕ್ಷವಾಗಿ ಬೆಲ್ ಹೊಡೆಯುವವರೆಗೂ ಜಗಳ ಆಡುತ್ತಾರೆ.

ಈ ರೀತಿಯ ಹೋಲಿಕೆ ನಮಗೆ ಏನನ್ನೂ ಕಲಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೋಲಿಸಬಾರದು ಎಂದು ಹೇಳುತ್ತಿಲ್ಲ. ಖಂಡಿತ ಹೋಲಿಸಬೇಕು, ಏಕೆಂದರೆ ಈ ವಿಮಾನಗಳನ್ನು ಕೊಳ್ಳುವುದು ನಮ್ಮೆಲ್ಲರ ತೆರಿಗೆ ಹಣದಿಂದ. ಆದರೆ ಸರಿಯಾದ ಪ್ರಶ್ನೆ ಇಟ್ಟುಕೊಂಡು ಹೋಲಿಸಬೇಕು.

ವೇಗದ ವಿಷಯವನ್ನೇ ತೆಗೆದುಕೊಳ್ಳಿ. 1963ರಲ್ಲಿ ನಮ್ಮ ವಾಯುಪಡೆಗೆ ಸೇರಿದ ಮಿಗ್-21 ವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾಯಿತು. ಅದರ ಗರಿಷ್ಠ ವೇಗ ಶಬ್ದದ ವೇಗದ ಎರಡು ಪಟ್ಟು. ನಮ್ಮ ರಫೇಲ್ ಹೋಗುವುದು 1.8 ಪಟ್ಟು. ಅಮೆರಿಕದ ಎಫ್-35 ಹೋಗುವುದು 1.6 ಪಟ್ಟು. ವೇಗವೇ ಅಳತೆಯಾದರೆ ಅರವತ್ತು ವರ್ಷ ಹಳೆಯ ಮಿಗ್-21ಕ್ಕೇ ಕಿರೀಟ ಹಾಕಬೇಕಾಗುತ್ತದೆ. ಯಾವ ಪೈಲಟ್ಟೂ ಅದನ್ನು ಒಪ್ಪುವುದಿಲ್ಲ.

ಹಾಗಾದರೆ ಏನು ಕೇಳಬೇಕು? ಮೂರು ಪ್ರಶ್ನೆ ಸಾಕು. ವಿಮಾನಕ್ಕೆ ಏನು ಕಾಣುತ್ತದೆ? ಅದರ ಕೀಲಿ ಯಾರ ಕೈಯಲ್ಲಿದೆ? ಬೇಕಾದ ದಿನ ಅದು ಹಾಜರಿರುತ್ತದೆಯೇ? ಮೊದಲ ಎರಡು ಪ್ರಶ್ನೆಗಳು ಏವಿಯಾನಿಕ್ಸ್‌ಗೆ ಸೇರಿದವು. ಏವಿಯಾನಿಕ್ಸ್ ಎಂದರೆ ವಿಮಾನದೊಳಗಿನ ರೇಡಾರ್, ಕಂಪ್ಯೂಟರ್, ಪೈಲಟ್ ಮುಂದಿನ ಪರದೆ, ದಾರಿ ತೋರಿಸುವ ಉಪಕರಣ, ಶತ್ರುವಿನ ರೇಡಾರ್ ತನ್ನ ಮೇಲೆ ಬಿದ್ದರೆ ಎಚ್ಚರಿಸುವ ಉಪಕರಣ, ಇವೆಲ್ಲ ಸೇರಿದ ವ್ಯವಸ್ಥೆ. ಮೂರನೆಯ ಪ್ರಶ್ನೆ ನಮ್ಮಂಥ ವಾಣಿಜ್ಯ ವಿದ್ಯಾರ್ಥಿಗಳದ್ದು.

ಕಣ್ಣು

ನಮ್ಮ ಜಿಲ್ಲೆಯಲ್ಲಿ ರಾತ್ರಿ ಹೊತ್ತು ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವವರನ್ನು ಎಲ್ಲರೂ ನೋಡಿದ್ದೀರಿ. ಕೈಯಲ್ಲಿ ಒಂದು ಬ್ಯಾಟರಿ. ಅದನ್ನು ಎತ್ತ ತಿರುಗಿಸಿದರೆ ಅತ್ತ ಮಾತ್ರ ಕಾಣುತ್ತದೆ. ಹಳೆಯ ಯುದ್ಧವಿಮಾನದ ರೇಡಾರ್ ಹೀಗೇ ಕೆಲಸ ಮಾಡುತ್ತದೆ. ಮೂಗಿನೊಳಗೆ ಒಂದು ತಟ್ಟೆ ಯಂತ್ರದ ಸಹಾಯದಿಂದ ಅತ್ತಿತ್ತ ತಿರುಗುತ್ತ ಆಕಾಶವನ್ನು ಹುಡುಕುತ್ತದೆ.

ಎಇಎಸ್‌ಎ ಎಂದು ಕರೆಯುವ ಹೊಸ ರೇಡಾರ್‌ನಲ್ಲಿ ತಟ್ಟೆ ತಿರುಗಬೇಕಾಗಿಲ್ಲ. ಅದರ ಮುಖದ ಮೇಲೆ ನೂರಾರು ಸಣ್ಣ ಸಣ್ಣ ಘಟಕಗಳಿವೆ. ಪ್ರತಿಯೊಂದೂ ತಾನೇ ಅಲೆಯನ್ನು ಕಳಿಸುತ್ತದೆ, ತಾನೇ ಪಡೆಯುತ್ತದೆ. ಕಂಪ್ಯೂಟರ್ ಹೇಳಿದಂತೆ ಅಲೆಯ ದಿಕ್ಕು ಕ್ಷಣದೊಳಗೆ ಬದಲಾಗುತ್ತದೆ. ಒಂದು ಗುರಿಯ ಮೇಲೆ ಕಣ್ಣಿಟ್ಟುಕೊಂಡೇ ಉಳಿದ ಕಡೆ ಹುಡುಕಬಹುದು. ರಫೇಲ್‌ನಲ್ಲಿ ಇಂಥ ರೇಡಾರ್ ಇದೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಮಾರ್ಕ್-1ಎ ವಿಮಾನಕ್ಕೂ ಇಂಥದ್ದೇ ಇದೆ. ಇದೇ ಬಗೆಯ 'ಉತ್ತಮ್' ಎಂಬ ರೇಡಾರನ್ನು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದೆ.

ಆದರೆ ಕತ್ತಲಲ್ಲಿ ಬ್ಯಾಟರಿ ಹಾಕಿದವನು ತಾನು ನೋಡುವುದಷ್ಟೇ ಅಲ್ಲ, ತಾನೂ ಬೇರೆಯವರ ಕಣ್ಣಿಗೆ ಬೀಳುತ್ತಾನೆ. ರೇಡಾರ್ ಹಾಕಿದ ವಿಮಾನದ ಸ್ಥಿತಿಯೂ ಅದೇ. ಹಾಗಾಗಿ ಇಂದಿನ ಯುದ್ಧದಲ್ಲಿ ಜಾಣತನ ಬೇರೆ ಕಡೆ ಇದೆ. ನೀವು ಬ್ಯಾಟರಿ ಆರಿಸಿಕೊಂಡು ಗದ್ದೆಯೊಳಗೆ ನಿಂತಿರುತ್ತೀರಿ. ದೂರದ ಏರಿಯ ಮೇಲೆ ನಿಂತ ಗೆಳೆಯ ದೊಡ್ಡ ದೀಪ ಹಾಕಿ ನೋಡಿ, ಹಂದಿ ಎಲ್ಲಿದೆ ಎಂದು ಫೋನಿನಲ್ಲಿ ಹೇಳುತ್ತಾನೆ. ಆಕಾಶದಲ್ಲಿ ಆ ಗೆಳೆಯನ ಕೆಲಸ ಮಾಡಲು ಬೆನ್ನ ಮೇಲೆ ರೇಡಾರ್ ಹೊತ್ತ ಕಣ್ಗಾವಲು ವಿಮಾನಗಳಿವೆ. ಬೆಂಗಳೂರಿನ ಡಿಆರ್‌ಡಿಒ ವಿಜ್ಞಾನಿಗಳು ರೂಪಿಸಿದ 'ನೇತ್ರ' ಅಂಥದ್ದು. 2017ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಅದನ್ನು ವಾಯುಪಡೆಗೆ ಒಪ್ಪಿಸಲಾಯಿತು. ಅಂದಮೇಲೆ ಎರಡು ವಿಮಾನಗಳನ್ನು ಒಂಟಿಯಾಗಿ ನಿಲ್ಲಿಸಿ ಯಾವುದು ಗೆಲ್ಲುತ್ತದೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅವು ಒಂಟಿಯಾಗಿ ಹೋರಾಡುವುದೇ ಇಲ್ಲ.

ಒಳಗಿನ ಕಣ್ಣು ಬದಲಾದರೆ ವಿಮಾನವೇ ಬದಲಾಗುತ್ತದೆ ಎಂಬುದಕ್ಕೆ ಜಾಗ್ವಾರ್ ಒಳ್ಳೆಯ ಉದಾಹರಣೆ. 1979ರಲ್ಲಿ ಈ ವಿಮಾನ ನಮ್ಮ ದೇಶಕ್ಕೆ ಬಂದಾಗ ವಾಯುಪಡೆಯ ಮುಖ್ಯಸ್ಥರಾಗಿದ್ದವರು ಹೈದರಾಬಾದಿನ ಏರ್ ಚೀಫ್ ಮಾರ್ಷಲ್ ಇದ್ರಿಸ್ ಹಸನ್ ಲತೀಫ್. ಮೊದಲ ವಿಮಾನಗಳು ಬ್ರಿಟನ್ನಿನಿಂದ ಬಂದವು. ಆಮೇಲಿನವು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಬ್ರಿಟನ್ನಿನವರು ಕೊಟ್ಟಿದ್ದ ದಾರಿ ತೋರಿಸುವ ಮತ್ತು ಗುರಿ ಇಡುವ ವ್ಯವಸ್ಥೆ ಸಾಲದು ಎಂದು ನಮ್ಮ ಎಂಜಿನಿಯರುಗಳೂ ಪೈಲಟ್ಟುಗಳೂ ಸೇರಿ ಡಾರಿನ್ ಎಂಬ ಹೊಸ ವ್ಯವಸ್ಥೆ ಹೊಂದಿಸಿದರು. ಉಪಕರಣಗಳಲ್ಲಿ ಕೆಲವು ವಿದೇಶದವೇ, ಆದರೆ ಅವುಗಳನ್ನು ಒಂದಕ್ಕೊಂದು ಮಾತಾಡಿಸಿದ ಕೆಲಸ ಇಲ್ಲಿಯದು. ನಂತರ ಎರಡನೆಯ ಡಾರಿನ್ ಬಂತು. ಮೂರನೆಯದರಲ್ಲಿ ಇಸ್ರೇಲಿನ ಎಇಎಸ್‌ಎ ರೇಡಾರನ್ನೂ ಕೂಡಿಸಿದರು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಜಾಗ್ವಾರನ್ನು ಕೈಬಿಟ್ಟವು. ಇಂದು ಅದನ್ನು ಹಾರಿಸುತ್ತಿರುವ ದೇಶ ಭಾರತ ಒಂದೇ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಜಾಗ್ವಾರ್‌ಗೆ ಹೊಸ ಎಂಜಿನ್ ಹಾಕುವ ಯೋಜನೆ ದುಬಾರಿ ಎಂದು ನಿಂತುಹೋಯಿತು. 2025ರ ಮಾರ್ಚ್, ಏಪ್ರಿಲ್, ಜುಲೈ ತಿಂಗಳುಗಳಲ್ಲಿ ಮೂರು ಜಾಗ್ವಾರ್‌ಗಳು ಬಿದ್ದವು, ಪೈಲಟ್ಟುಗಳ ಜೀವವೂ ಹೋಯಿತು. ಕಣ್ಣಿಗೆ ಹೊಸ ಕನ್ನಡಕ ಹಾಕಿದ ಮಾತ್ರಕ್ಕೆ ವಯಸ್ಸಾದ ದೇಹ ಹೊಸದಾಗುವುದಿಲ್ಲ.

ಕೀಲಿ

ನಮ್ಮ ಮಾಮು ಮದ್ದೂರಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಮೂವತ್ತು ವರ್ಷದಿಂದ ಗಾಡಿಯ ಸದ್ದು ಕೇಳಿಯೇ ರೋಗ ಹೇಳುವವರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲೆ ಅವರ ಕೆಲಸ ಬೇರೆಯೇ ಆಯಿತು. ಈಗಿನ ಲಾರಿಯ ಎಂಜಿನ್ನಿಗೆ ಕಂಪ್ಯೂಟರ್ ಇದೆ. ಸೆನ್ಸರ್ ಒಂದು ಕೆಟ್ಟರೆ ದೀಪ ಉರಿಯುತ್ತದೆ, ಗಾಡಿ ಎಳೆಯುವುದಿಲ್ಲ. ಮಾಮು ಸೆನ್ಸರ್ ಬದಲಾಯಿಸಬಲ್ಲರು. ಆದರೆ ಕೆಲವು ಗಾಡಿಗಳಲ್ಲಿ ಕಂಪನಿಯ ಸ್ಕ್ಯಾನರ್, ಕಂಪನಿಯ ಪಾಸ್‌ವರ್ಡ್ ಇಲ್ಲದೆ ಆ ಕಂಪ್ಯೂಟರ್ ಹೊಸ ಸೆನ್ಸರನ್ನು ಒಪ್ಪುವುದಿಲ್ಲ. ಒಮ್ಮೆ ಕಬ್ಬು ಸಾಗಿಸುವ ಲಾರಿಯವರೊಬ್ಬರು ಮಾಮುವಿಗೆ ಹೇಳಿದ ಮಾತು ನನಗೆ ಮರೆತಿಲ್ಲ: "ಅಲ್ಲ ಸಾಬ್ರೆ, ದುಡ್ಡು ಕೊಟ್ಟೋನು ನಾನು, ಬೀಗದ ಕೈ ಮಾತ್ರ ಅವ್ರ ತಾವೈತಾ?"

ಯುದ್ಧವಿಮಾನದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇಂದಿನ ವಿಮಾನ ಎಂದರೆ ರೆಕ್ಕೆ ಇರುವ ಕಂಪ್ಯೂಟರ್. ಹೊಸ ಕ್ಷಿಪಣಿ ಜೋಡಿಸಬೇಕಾದರೆ ಅದರ ಸಾಫ್ಟ್‌ವೇರ್ ತಿದ್ದಬೇಕು. ಶತ್ರು ಹೊಸ ರೇಡಾರ್ ತಂದರೆ ಅದರ ಗುರುತನ್ನು ನಮ್ಮ ವಿಮಾನದ ಕಂಪ್ಯೂಟರಿಗೆ ಕಲಿಸಬೇಕು. ತಿದ್ದುವ ಹಕ್ಕು ನಮ್ಮ ಕೈಯಲ್ಲಿದ್ದರೆ ನಾವೇ ಮಾಡಿಕೊಳ್ಳುತ್ತೇವೆ. ಇಲ್ಲದಿದ್ದರೆ ಮಾರಿದವರ ಬಾಗಿಲಲ್ಲಿ ನಿಲ್ಲಬೇಕು.

2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಎರಡೂ ಯಲಹಂಕಕ್ಕೆ ಬಂದಿದ್ದವು. ನಮ್ಮಲ್ಲಿ ಅನೇಕರು ಎಫ್-35 ಕೊಳ್ಳಬೇಕು ಎಂದು ವಾದಿಸಿದರು. ಅದರ ಸೆನ್ಸರುಗಳು ಕಂಡದ್ದನ್ನೆಲ್ಲ ಒಟ್ಟುಗೂಡಿಸಿ ಪೈಲಟ್‌ನ ಹೆಲ್ಮೆಟ್ಟಿನಲ್ಲೇ ತೋರಿಸುವ ವ್ಯವಸ್ಥೆಗೆ ಸಮನಾದದ್ದು ಕಡಿಮೆ. ಆದರೆ ಅದನ್ನು ಕೊಂಡ ದೇಶಗಳಲ್ಲಿ ತನ್ನದೇ ಎಲೆಕ್ಟ್ರಾನಿಕ್ ವ್ಯವಸ್ಥೆಗಳನ್ನು ಅದರೊಳಗೆ ಸೇರಿಸುವ ಅವಕಾಶ ಪಡೆದದ್ದು ಇಸ್ರೇಲ್ ಮಾತ್ರ. ಉಳಿದವರು ಕೊಟ್ಟದ್ದನ್ನು ಕೊಟ್ಟ ಹಾಗೆ ಇಟ್ಟುಕೊಳ್ಳಬೇಕು.

ಸುಖೋಯ್-30 ಎಂಕೆಐ ಇನ್ನೊಂದು ದಾರಿ ತೋರಿಸಿತು. ವಿಮಾನ ರಷ್ಯಾದ್ದು. ಕೊನೆಯ 'ಐ' ಅಕ್ಷರ ಭಾರತದ್ದು. ಅದರೊಳಗೆ ರಷ್ಯಾದ ರೇಡಾರ್, ಫ್ರಾನ್ಸ್ ಮತ್ತು ಇಸ್ರೇಲಿನ ಉಪಕರಣ, ನಮ್ಮ ಡಿಆರ್‌ಡಿಒ ರೂಪಿಸಿದ ಮಿಷನ್ ಕಂಪ್ಯೂಟರ್ ಮತ್ತು ರೇಡಾರ್ ಎಚ್ಚರಿಕೆ ಉಪಕರಣ ಇವೆ. ಬ್ರಹ್ಮೋಸ್ ಕ್ಷಿಪಣಿಯನ್ನು ಅದರ ಹೊಟ್ಟೆಯ ಕೆಳಗೆ ಜೋಡಿಸಿದ್ದು ಇಲ್ಲಿಯೇ. ಅಷ್ಟರ ಮಟ್ಟಿಗೆ ಕೀಲಿ ನಮ್ಮ ಹತ್ತಿರ ಇದೆ.

ಪೂರ್ತಿ ಕೀಲಿಗಾಗಿ ಎಷ್ಟು ಕಷ್ಟಪಡಬೇಕು ಎಂಬುದನ್ನು ತೇಜಸ್‌ನ ಕಥೆ ಹೇಳುತ್ತದೆ. ತೇಜಸ್ ತನ್ನಷ್ಟಕ್ಕೆ ಸಮತೋಲದಲ್ಲಿ ಹಾರುವ ವಿಮಾನವಲ್ಲ. ಚುರುಕಾಗಿ ತಿರುಗಲಿ ಎಂದೇ ಹಾಗೆ ರೂಪಿಸಿದ್ದಾರೆ. ಕಂಪ್ಯೂಟರ್ ಪ್ರತಿ ಕ್ಷಣ ರೆಕ್ಕೆಯ ತುದಿಗಳನ್ನು ಸರಿಪಡಿಸುತ್ತಿದ್ದರೆ ಮಾತ್ರ ಅದು ಹಾರುತ್ತದೆ. ಈ ವ್ಯವಸ್ಥೆಗಾಗಿ ನಮ್ಮ ಎಂಜಿನಿಯರುಗಳು ಅಮೆರಿಕದ ಕಂಪನಿಯೊಂದಿಗೆ ಕೆಲಸ ಮಾಡುತ್ತಿದ್ದಾಗ 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ನಡೆಯಿತು. ಅಮೆರಿಕ ನಿರ್ಬಂಧ ಹೇರಿತು. ನಮ್ಮವರು ಕೆಲಸ ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಉಳಿದದ್ದನ್ನು ಬೆಂಗಳೂರಿನ ಎಡಿಎ, ಎಡಿಇ ಮತ್ತು ಎನ್‌ಎಎಲ್ ಸಂಸ್ಥೆಗಳ ತಂಡಗಳು ಇಲ್ಲೇ ಮುಗಿಸಿದವು. 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ತೇಜಸ್ ಹಾರಿತು. ಮೊಬೈಲ್ ವಿಡಿಯೋಗಳ ಪಟ್ಟಿಯಲ್ಲಿ ಈ ಎರಡೂವರೆ ವರ್ಷದ ದುಡಿಮೆಗೆ ಒಂದು ಕಲಂ ಕೂಡ ಇಲ್ಲ.

ಹಾಜರಿ

ಪಿಯುಸಿ ಪರೀಕ್ಷೆಗೆ ಕೂರಬೇಕಾದರೆ ಶೇಕಡಾ 75 ಹಾಜರಿ ಬೇಕು. ಇದು ನಮಗೆಲ್ಲ ಗೊತ್ತು, ಪ್ರಾಂಶುಪಾಲರು ತಿಂಗಳಿಗೊಮ್ಮೆ ನೆನಪಿಸುತ್ತಾರೆ. ಯುದ್ಧವಿಮಾನಕ್ಕೂ ಅಷ್ಟೇ ಹಾಜರಿ ಕೇಳುತ್ತಾರೆ ಎಂದು ಓದಿದಾಗ ನನಗೆ ನಗು ಬಂತು. 2015ರಲ್ಲಿ ಮಹಾಲೇಖಪಾಲರ ವರದಿ ಸುಖೋಯ್-30 ವಿಮಾನಗಳ ಬಗ್ಗೆ ಹೇಳಿದ್ದು ಇದನ್ನೇ: ಇರಬೇಕಾದದ್ದು ಶೇಕಡಾ 75, ಹಾರಲು ಸಿದ್ಧವಿದ್ದದ್ದು ಶೇಕಡಾ 55ರಿಂದ 60. ನೂರು ವಿಮಾನಕ್ಕೆ ಹಣ ಕೊಟ್ಟು ಬೆಳಗ್ಗೆ ಅರವತ್ತು ಮಾತ್ರ ಮೇಲೇಳುವುದಾದರೆ, ನಮ್ಮ ಹತ್ತಿರ ಇರುವುದು ಅರವತ್ತೇ. ಬಿಡಿಭಾಗವಿಲ್ಲದೆ ಶೆಡ್ಡಿನಲ್ಲಿ ನಿಂತ ವಿಮಾನಕ್ಕೂ ಸವಕಳಿ ಆಗುತ್ತಲೇ ಇರುತ್ತದೆ. ಲೆಕ್ಕಶಾಸ್ತ್ರ ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2016ರಲ್ಲಿ 36 ರಫೇಲ್‌ಗಳಿಗೆ ಸುಮಾರು 59,000 ಕೋಟಿ ರೂಪಾಯಿ ಒಪ್ಪಂದವಾಯಿತು. ಅದನ್ನು 36ರಿಂದ ಭಾಗಿಸಿ "ಒಂದಕ್ಕೆ 1,600 ಕೋಟಿ, ಮೋಸ" ಎನ್ನುವವರಿದ್ದಾರೆ. ಹಾಗೆ ಭಾಗಿಸುವುದು ಲೆಕ್ಕವಲ್ಲ. ಆ ಹಣದಲ್ಲಿ ಕ್ಷಿಪಣಿಗಳಿವೆ, ಬಿಡಿಭಾಗಗಳಿವೆ, ತರಬೇತಿ ಇದೆ, ನಮಗೆಂದೇ ಮಾಡಿದ ಬದಲಾವಣೆಗಳಿವೆ. ಕನಿಷ್ಠ ಶೇಕಡಾ 75 ವಿಮಾನಗಳು ಸದಾ ಸಿದ್ಧವಿರಬೇಕು ಎಂಬ ಹೊಣೆಯನ್ನೂ ಮಾರಿದವರ ಮೇಲೆ ಹಾಕಲಾಗಿದೆ. ಹಾಜರಿಗೂ ಬೆಲೆ ಇದೆ.

ಎಷ್ಟೇ ದೊಡ್ಡ ವಿಮಾನವಾದರೂ ಹಾಜರಿಯ ಪ್ರಶ್ನೆ ತಪ್ಪಿದ್ದಲ್ಲ. 2025ರ ಜೂನ್ 14ರಂದು ಬ್ರಿಟನ್ನಿನ ಒಂದು ಎಫ್-35ಬಿ ತಿರುವನಂತಪುರದಲ್ಲಿ ಇಳಿಯಿತು. ತಾಂತ್ರಿಕ ತೊಂದರೆಯಿಂದ ಐದು ವಾರಕ್ಕೂ ಹೆಚ್ಚು ಕಾಲ ಅಲ್ಲೇ ನಿಂತು, ಬ್ರಿಟನ್ನಿನಿಂದ ತಂತ್ರಜ್ಞರ ತಂಡ ಬಂದ ಮೇಲೆ ಜುಲೈ 22ರಂದು ಹೊರಟಿತು. ಎಲ್ಲರೂ ಹಾಸ್ಯದ ಚಿತ್ರ ಮಾಡಿ ಹಂಚಿದರು. ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆಯೇ 2023ರಲ್ಲಿ ತನ್ನ ದೇಶದ ಎಫ್-35 ವಿಮಾನಗಳಲ್ಲಿ ಸುಮಾರು ಶೇಕಡಾ 55 ಮಾತ್ರ ಕಾರ್ಯಾಚರಣೆಗೆ ಸಿದ್ಧವಿದ್ದವು ಎಂದು ಬರೆಯಿತು. ಅವರು ತಮ್ಮ ಕೊರತೆಯನ್ನು ತಾವೇ ಎಣಿಸಿ ಎಲ್ಲರೆದುರು ಇಟ್ಟರು. ನಾವು ಕಲಿಯಬೇಕಾದದ್ದು ಅದನ್ನು.

ಈಗ ನಮ್ಮದೇ ತೇಜಸ್‌ಗೆ ಬರೋಣ. 2021ರ ಫೆಬ್ರವರಿಯಲ್ಲಿ 83 ಮಾರ್ಕ್-1ಎ ವಿಮಾನಗಳಿಗೆ ಸುಮಾರು 48,000 ಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿ. ಒಟ್ಟು 180 ವಿಮಾನ, ಒಂದು ಲಕ್ಷ ಕೋಟಿಗೂ ಮೀರಿದ ಹಣ. ಮೊದಲ ಕಂತು 2024ರಲ್ಲೇ ಬರಬೇಕಿತ್ತು, ಬರಲಿಲ್ಲ. ಎಂಜಿನ್ ಅಮೆರಿಕದ್ದು. ಈ ಆರ್ಡರಿನ ಮೊದಲ ಎಂಜಿನ್ ಸಿಕ್ಕಿದ್ದೇ 2025ರ ಮಾರ್ಚ್‌ನಲ್ಲಿ. ವಾಯುಪಡೆಯ ಮುಖ್ಯಸ್ಥರು 2025ರ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ಹೇಳಿದರು. ನಮಗೆ 42 ಸ್ಕ್ವಾಡ್ರನ್ ಮಂಜೂರಾಗಿವೆ. ಮಿಗ್-21 ಹೋದ ಮೇಲೆ ಉಳಿದದ್ದು 29. ಕಣ್ಣು ನಮ್ಮದಾಯಿತು, ಕೀಲಿ ಬಹುಪಾಲು ನಮ್ಮದಾಯಿತು, ಹಾಜರಿ ಮಾತ್ರ ಕಡಿಮೆ. ಸ್ವದೇಶಿ ಎಂಬ ಒಂದೇ ಮಾತಿಗೆ ನಾವು ಪೂರ್ತಿ ಅಂಕ ಕೊಡಬಾರದು.

ಲೆಕ್ಕ ಕೇಳುವುದು ಯಾರ ಕೆಲಸ

ಇಂಥ ಮಾತು ಬಸ್ಸಿನಲ್ಲಿ ಆಡಿದರೆ ಕೆಲವರು ನನ್ನ ಹೆಸರು ಕೇಳಿ ಮುಗುಳ್ನಗುತ್ತಾರೆ. "ನಿನಗೆ ಯಾವ ದೇಶದ ವಿಮಾನ ಇಷ್ಟ?" ಎಂದು ಒಬ್ಬರು ಕೇಳಿಯೂ ಕೇಳಿದ್ದಾರೆ. ತಮಾಷೆಗೆ ಕೇಳಿದ್ದಿರಬಹುದು. ಆದರೆ ಇಂಥ ತಮಾಷೆಗೆ ಹೆದರಿ ನಮ್ಮಲ್ಲಿ ಎಷ್ಟೋ ಜನ ಈ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡು ಕೂರುತ್ತಾರೆ, ಇಲ್ಲವೇ ಹೊಗಳುವುದನ್ನು ಮಾತ್ರ ಕಲಿಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮನೆಗೆ ಬಂದ ನೆಂಟರು ಅಡುಗೆ ಚೆನ್ನಾಗಿದೆ ಎನ್ನುತ್ತಾರೆ, ಖರ್ಚೆಷ್ಟಾಯಿತು ಎಂದು ಕೇಳುವುದಿಲ್ಲ. ಲೆಕ್ಕ ಕೇಳುವುದು ಮನೆಯವರು.

ನಾವು ಈ ವಿಷಯದಲ್ಲಿ ನೆಂಟರಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದಾಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅದೇ ಇಂದಿನ ಎಚ್‌ಎಎಲ್. ಮಂಡ್ಯದ ಮೈಷುಗರ್ ಕಾರ್ಖಾನೆ 1933ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ. 1905ರಲ್ಲಿ ಬೆಂಗಳೂರಿಗೆ ಮೊದಲು ವಿದ್ಯುತ್ ಹೋದದ್ದು ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ. ಆ ನಗರದ ಕೈಗಾರಿಕೆಗಳು ಬೆಳೆದದ್ದು ಕಾವೇರಿಯ ಕರೆಂಟಿನ ಮೇಲೆ. ನಮ್ಮ ದಾದಿಗೆ ಹಡಗೂ ಜಹಾಜ್, ವಿಮಾನವೂ ಜಹಾಜ್. ಅವರ ಕಾಲಕ್ಕೆ ವಿಮಾನ ಎಂದರೆ ತಲೆಯೆತ್ತಿ ನೋಡುವ ವಸ್ತು ಅಷ್ಟೇ. ನಮ್ಮ ಕಾಲಕ್ಕೆ ಅದು ನೂರು ಕಿಲೋಮೀಟರ್ ದೂರದಲ್ಲಿ ತಯಾರಾಗುವ ವಸ್ತು. ತಯಾರಿಸುವ ಕಂಪನಿಯ ಷೇರು 2018ರಿಂದ ಮಾರುಕಟ್ಟೆಯಲ್ಲಿದೆ, ಅದರ ವಾರ್ಷಿಕ ವರದಿಯನ್ನು ಯಾರು ಬೇಕಾದರೂ ಓದಬಹುದು.

ಇಷ್ಟೆಲ್ಲ ಲೆಕ್ಕ ಏಕೆ ಎಂದು ಕೇಳುವವರಿಗೆ ಒಂದು ಮಾತು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ಒಂದು ಬಿದ್ದು ಪೈಲಟ್ ತೀರಿಕೊಂಡರು. ಅರ್ಧ ಗಂಟೆಯೊಳಗೆ ಮೊಬೈಲುಗಳಲ್ಲಿ ನಗುವವರೂ ಬಂದರು, ಬೈಯುವವರೂ ಬಂದರು. ಪ್ರತಿ ವಿಮಾನದೊಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ಬಿಡಿಭಾಗ ತಡವಾದರೆ, ಎಂಜಿನ್ ಹಳೆಯದಾದರೆ, ಪರದೆಯಲ್ಲಿ ಬರಬೇಕಾದ ಎಚ್ಚರಿಕೆ ಬರದಿದ್ದರೆ ಅದರ ಬೆಲೆ ತೆರುವವನು ಅವನು. ಹಸಿರು ಗುರುತಿನ ಪಟ್ಟಿಯಲ್ಲಿ ಅವನು ಕಾಣುವುದಿಲ್ಲ. ಹಾಜರಿಯ ಲೆಕ್ಕ ಕೇಳುವವರಿಗೆ ಕಾಣುತ್ತಾನೆ.

ಕೊನೆಯದಾಗಿ ಒಂದು ಸಲಹೆ. ಈ ವರ್ಷದ ಕಾಲೇಜು ವಸ್ತುಪ್ರದರ್ಶನದಲ್ಲಿ ಥರ್ಮೋಕೋಲ್ ವಿಮಾನಗಳನ್ನು ಮಾಡುವವರು ಹೇಗೂ ಇದ್ದೇ ಇರುತ್ತಾರೆ. ಅದರ ಪಕ್ಕದಲ್ಲಿ ಒಂದು ದೊಡ್ಡ ಚಾರ್ಟ್ ಹಾಕೋಣ. ತೇಜಸ್, ಸುಖೋಯ್, ರಫೇಲ್, ಜಾಗ್ವಾರ್ ಎಂದು ನಾಲ್ಕು ಸಾಲು. ಕಣ್ಣು, ಕೀಲಿ, ಹಾಜರಿ ಎಂದು ಮೂರು ಕಲಂ. ರೇಡಾರಿನ ಕಲಂ ಭೌತಶಾಸ್ತ್ರದವರು ತುಂಬಲಿ. ಸಾಫ್ಟ್‌ವೇರ್ ಕಲಂ ಗಣಕ ವಿಜ್ಞಾನದವರು ತುಂಬಲಿ. ಮೂರನೆಯ ಕಲಂ ನಮ್ಮ ವಾಣಿಜ್ಯ ವಿಭಾಗಕ್ಕೆ ಬಿಡಿ. ಮಹಾಲೇಖಪಾಲರ ವರದಿಗಳನ್ನು ಓದಿ ನಾವು ತುಂಬುತ್ತೇವೆ. ಕಿರೀಟದ ಚಿತ್ರಕ್ಕೆ ಆ ಚಾರ್ಟಿನಲ್ಲಿ ಜಾಗ ಬೇಡ.